ನಾಲಿಗೆ ದಪ್ಪವಾದರೆ ರಕ್ತವನ್ನೂ ಪರೀಕ್ಷಿಸಿ

ಮಲ್ಟಿಪಲ್ ಮೈಲೋಮಾ ಎಂಬ ರಕ್ತ ಕ್ಯಾನ್ಸರ್ ಇರುವವರಲ್ಲಿ ಶೇ 10ರಿಂದ 15ರಷ್ಟು ಮಂದಿಗೆ ಅಮೈಲಾಯ್ಡೋಸಿಸ್ ಕೂಡ ಅಂಟಿಕೊಳ್ಳುತ್ತದೆ. ಇದರಲ್ಲಿ ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳು ಮಿತಿಮೀರಿ ತಯಾರಿಸುವ ಪ್ರೋಟೀನ್ ತುಣುಕುಗಳು ತಪ್ಪಾಗಿ ಮಡಚಿಕೊಂಡು, ನಾರುಗಳಾಗಿ ಅಂಗಾಂಗಗಳಲ್ಲಿ ಶೇಖರವಾಗುತ್ತವೆ. ಹೃದಯ, ಮೂತ್ರಪಿಂಡಕ್ಕಾಗುವ ಹಾನಿಯನ್ನು ವೈದ್ಯರು ಬಲ್ಲರು. ಕಣ್ತಪ್ಪುವುದು ಅಪರೂಪದ ತೊಂದರೆಗಳೇ. ಪೆಟ್ಟು ಬೀಳದೆಯೇ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ಸೋರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 10 ಅನ್ನು ಈ ನಾರುಗಳು ಹೀರಿಕೊಂಡರೆ ಸಣ್ಣ ಬಯಾಪ್ಸಿಯೂ ಅಪಾಯಕಾರಿ. ನಾಲಿಗೆ ದಪ್ಪವಾಗಿ ಅಂಚಿನಲ್ಲಿ ಹಲ್ಲಿನ ಗುರುತು ಮೂಡುತ್ತದೆ; ಜೋರಾಗಿ ಕೆಮ್ಮಿದರೂ ಕಣ್ಣಿನ ಸುತ್ತ ನೇರಳೆ ಕಲೆ ಏಳುತ್ತದೆ. ಇಂಥ ಲಕ್ಷಣಗಳಿರುವವರು ದಂತವೈದ್ಯರು, ಚರ್ಮವೈದ್ಯರ ಬಳಿ ಅಲೆಯುವುದರಲ್ಲೇ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಇದು ಸಹಿಸಬಾರದ ವಿಳಂಬ.

ಹೊಟ್ಟೆಯ ಕೊಬ್ಬಿನ ಚೂರಿಗೆ ಕಾಂಗೋ ರೆಡ್ ಬಣ್ಣ ಹಾಕಿ ನೋಡಿದರೆ ಹಲವರಲ್ಲಿ ರೋಗ ಪತ್ತೆಯಾಗುತ್ತದೆ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಕಾಯಿಲೆಗೆ ಡಾರಾಟುಮುಮ್ಯಾಬ್ ಎಂಬ ಔಷಧ ಬಳಸಲು ಒಪ್ಪಿದರು. ಆದರೆ ಹೃದಯ ಸೋತ ಮೇಲೆ ಯಾವ ಔಷಧಕ್ಕೂ ಹೆಚ್ಚು ಕಾಲಾವಕಾಶ ಉಳಿಯುವುದಿಲ್ಲ. ಮೈಲೋಮಾ ರೋಗಿಗಳ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಆ ಪ್ರೋಟೀನ್ ತುಣುಕುಗಳನ್ನು ಅಳೆಯುವ ಫ್ರೀ ಲೈಟ್ ಚೈನ್ ರಕ್ತಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೂ ಬಡವರ ಕೈಗೆಟುಕುವಂತೆ ಸರ್ಕಾರ ವ್ಯವಸ್ಥೆ ಮಾಡಬೇಕು.