ಗೋಡೆಯ ಮೇಲಿನ ಕೋವಿ

ಮಲೆನಾಡಿನ ಕೆಲವು ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆಯ ಕೋವಿ ಇಂದಿಗೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಗೆ ಕಡಿವಾಣ ಬಿತ್ತು. ಬೇಟೆಯ ಕಥೆಗಳು ನಿಲ್ಲಲಿಲ್ಲ.

ಕೋವಿ ಸಿಡಿಯದಿದ್ದರೆ ಹಿಂಸೆಯಿಲ್ಲವೆಂದು ನಾವು ಭಾವಿಸುತ್ತೇವೆ. ಜೈನಧರ್ಮವು ಹಾಗೆನ್ನುವುದಿಲ್ಲ. ಹಿಂಸೆಯನ್ನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಕರ್ಮಬಂಧಕ್ಕೆ ಕಾರಣ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆಯೇ ಅವನನ್ನು ಭವಭವಗಳಲ್ಲಿ ತೊಳಲಿಸಿತು. ಬೇಟೆಯನ್ನು ಹೆಮ್ಮೆಯಿಂದ ಬಣ್ಣಿಸುವ ನಾಲಗೆಯೂ ಅನುಮೋದನೆಯ ದೋಷಕ್ಕೆ ಒಳಗಾಗುತ್ತದೆ.

ಹಾಗೆಂದು ಅಜ್ಜನನ್ನು ಮರೆಯಬೇಕಾಗಿಲ್ಲ. ಅವರ ವಾತ್ಸಲ್ಯವನ್ನೂ ದುಡಿಮೆಯನ್ನೂ ಮಕ್ಕಳಿಗೆ ಹೇಳೋಣ. ಕೋವಿಯ ಮಾತು ಬಂದಾಗ, ಅದಕ್ಕೆ ಬಲಿಯಾದ ಜೀವಗಳಲ್ಲಿ ಮನೆಮಂದಿಯೆಲ್ಲ ಕೂಡಿ ಕ್ಷಮೆ ಯಾಚಿಸೋಣ.