ಚಕ್ರ ತಿರುಗಿದ್ರೆ ಆಯ್ತಾ? | ಚಿಕ್ಕ ಎಂಜಿನ್, ದೊಡ್ಡ ಲೆಕ್ಕ – ಭಾಗ 6

1/6
ನೇರವಾಗಿ ಹೇಳ್ತೀನಿ. ಗಾಳಿಯಲ್ಲಿ ಓಡಿದ ಮಾತ್ರಕ್ಕೆ ಮಾಡೆಲ್ ಸ್ಟೀಮ್ ಎಂಜಿನ್ ರೆಡಿ ಆಯ್ತು ಅಂತಲ್ಲ.

ಆ ಥರದ ರೀಲ್ಸ್ ನೀವೂ ನೋಡಿರ್ತೀರ. ಇಂಗ್ಲೆಂಡಲ್ಲಿ ಯಾರೋ ಒಬ್ಬರು ವರ್ಷಗಟ್ಟಲೆ ಶೆಡ್ಡಲ್ಲಿ ಕೂತು ಪುಟ್ಟ ಎಂಜಿನ್ ಮಾಡಿರ್ತಾರೆ. ಕಂಪ್ರೆಸರ್ ಪೈಪ್ ಸಿಕ್ಕಿಸ್ತಾರೆ, ಚಕ್ರ ಗಿರಗಿರ ತಿರುಗುತ್ತೆ, ಕೆಳಗೆ ಹಾರ್ಟ್‌ಗಳ ಮಳೆ. ಆದ್ರೆ ಗಮನಿಸಿ: ಎಂಜಿನ್‌ಗೆ ಎಳೆಯೋಕೆ ಏನೂ ಇಲ್ಲ, ಕಂಪ್ರೆಸರ್‌ನಲ್ಲಿ ಗಾಳಿಗೆ ಬರ ಇಲ್ಲ. ವಾಲ್ವ್ ಟೈಮಿಂಗ್ ಅಷ್ಟಿಷ್ಟು ತಪ್ಪಿದ್ರೂ ಚಕ್ರ ತಿರುಗೇ ತಿರುಗುತ್ತೆ.

ನಮ್ಮ ಬಿಕಾಂ ಭಾಷೇಲಿ ಇದು ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಹಾಗೆ. ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತಲ್ಲ, ಒಂದು ತಪ್ಪು ಇನ್ನೊಂದನ್ನ ಮುಚ್ಚಿರಬಹುದು.

2/6
ವಾಲ್ವ್ ಮಾಡೋ ಕೆಲಸ ಏನು? ಸರಳವಾದ ಮಾಡೆಲ್ ತಗೊಳ್ಳೋಣ. ಸಿಲಿಂಡರ್ ಪಕ್ಕ ಒಂದು ಪೆಟ್ಟಿಗೆ, ಅದರೊಳಗೆ ಜಾರೋ ವಾಲ್ವ್, ಅದರಡಿ ಮೂರು ಕಿಂಡಿ. ಎರಡು ಕಿಂಡಿ ಸಿಲಿಂಡರಿನ ಎರಡು ತುದಿಗೆ, ನಡುವಿನದು ಬಳಸಿದ ಹಬೆ ಹೊರಗೆ ಹೋಗೋಕೆ. ಆಕ್ಸಲ್ ಮೇಲೆ ಮಧ್ಯ ತಪ್ಪಿಸಿ ಕೂರಿಸಿದ ಬಿಲ್ಲೆ ಇರುತ್ತೆ, ಅದೇ ಎಕ್ಸೆಂಟ್ರಿಕ್. ವಾಲ್ವ್‌ನ ಹಿಂದೆ ಮುಂದೆ ಜಾರಿಸೋದು ಅದು.

ಜಾಣತನ ಇರೋದು ಕಿಂಡಿ ಮುಚ್ಚೋದ್ರಲ್ಲಿ. ಪಿಸ್ಟನ್ ಇನ್ನೂ ದಾರಿಯಲ್ಲಿರುವಾಗಲೇ ವಾಲ್ವ್ ಹಬೆ ನಿಲ್ಲಿಸುತ್ತೆ. ಒಳಗೆ ಸಿಕ್ಕಿಕೊಂಡ ಹಬೆ ಹಿಗ್ಗುತ್ತಾ ಉಳಿದ ದೂರ ಪಿಸ್ಟನ್‌ನ ತಳ್ಳುತ್ತೆ. ಬಾಯ್ಲರ್‌ನಿಂದ ಹೊಸದಾಗಿ ಏನೂ ಖರ್ಚಿಲ್ಲ. ಉಳಿತಾಯ ಅಂದ್ರೆ ಇದು.

3/6
ಹಾಗಾದ್ರೆ ಟೈಮಿಂಗ್ ನೋಡೋದು ಹೇಗೆ? ಮೊದಲು ಡೆಡ್ ಸೆಂಟರ್ ಹುಡುಕಬೇಕು, ಅಂದ್ರೆ ಪಿಸ್ಟನ್ ತುದಿ ಮುಟ್ಟಿ ವಾಪಸ್ ಹೊರಡೋ ಜಾಗ. ಕಣ್ಣಂದಾಜಲ್ಲಿ ಇದು ಆಗಲ್ಲ. ಅಲ್ಲಿ ಚಕ್ರ ಸ್ವಲ್ಪ ತಿರುಗಿದ್ರೂ ಪಿಸ್ಟನ್ ನಿಂತ ಹಾಗೇ ಕಾಣುತ್ತೆ.

ದಾರಿ ಸುಲಭ. ತುದಿಗೆ ಸ್ವಲ್ಪ ಮುಂಚೆ ಪಿಸ್ಟನ್ ಜೊತೆ ಓಡೋ ಕ್ರಾಸ್‌ಹೆಡ್ ಎಲ್ಲಿದೆ ಅಂತ ಗೀಟು ಹಾಕಿ, ಚಕ್ರದ ಮೇಲೂ ಒಂದು ಗೀಟು ಹಾಕಿ. ಕ್ರಾಸ್‌ಹೆಡ್ ತುದಿ ಮುಟ್ಟಿ ಅದೇ ಗೀಟಿಗೆ ವಾಪಸ್ ಬಂದಾಗ ಚಕ್ರದ ಮೇಲೆ ಎರಡನೇ ಗೀಟು. ಚಕ್ರದ ಎರಡು ಗೀಟಿನ ಸರಿ ಮಧ್ಯವೇ ಡೆಡ್ ಸೆಂಟರ್.

ಈಗ ಪೆಟ್ಟಿಗೆ ಮುಚ್ಚಳ ತೆಗೆದು ನೋಡಿ. ಆ ತುದಿಯ ಕಿಂಡಿ ಸಣ್ಣ ಕಪ್ಪು ಗೆರೆಯಷ್ಟು ಮಾತ್ರ ತೆರೆದಿರಬೇಕು. ಇನ್ನೊಂದು ತುದಿಯಲ್ಲೂ ಅಷ್ಟೇ.

4/6
ತಪ್ಪು ಎರಡು ಥರ, ಮದ್ದೂ ಎರಡು.

ಒಂದು ತುದಿ ಜಾಸ್ತಿ, ಇನ್ನೊಂದು ಕಮ್ಮಿ ತೆರೆದಿದ್ರೆ ವಾಲ್ವ್ ಕೂತಿರೋ ಜಾಗ ಸರಿ ಇಲ್ಲ. ಅದರ ಕಡ್ಡಿ ಮೇಲೆ ವಾಲ್ವ್‌ನ ವ್ಯತ್ಯಾಸದ ಅರ್ಧದಷ್ಟು ಸರಿಸಿ.
ಎರಡೂ ತುದಿ ಸಮ, ಆದ್ರೆ ಎರಡೂ ಬೇಗ ಅಥವಾ ಎರಡೂ ತಡ ಆಗಿ ತೆರೀತಿದ್ರೆ ಎಕ್ಸೆಂಟ್ರಿಕ್ ತಿರುಗಿಸಿ.

ಎಲ್ಲಾದಕ್ಕೂ ಎಕ್ಸೆಂಟ್ರಿಕ್ ತಿರುಗಿಸ್ತಾ ಕೂತ್ರೆ ವ್ಯತ್ಯಾಸ ಹಾಗೇ ಉಳಿಯುತ್ತೆ. ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಪುಸ್ತಕ ಮುಚ್ಚಿದ ಹಾಗೆ!

"ಡ್ರಾಯಿಂಗ್ ಪ್ರಕಾರನೇ ಮಾಡಿದೀನಲ್ಲ" ಅಂತ ಯಾರಾದ್ರೂ ಅಂದ್ರೆ? ನಿಮ್ಮ ಎಂಜಿನ್‌ನ ಯಾವ ಪಿನ್ ಎಷ್ಟು ಸಡಿಲ ಇದೆ ಅಂತ ಡ್ರಾಯಿಂಗ್‌ಗೆ ಗೊತ್ತಿಲ್ಲ.

5/6
"ಹವ್ಯಾಸ ತಾನೇ, ಇಷ್ಟು ತಲೆ ಕೆಡಿಸ್ಕೋಬೇಕಾ?" ಬೇಕು. 3.5 ಇಂಚು ಗೇಜಿನ ಎಂಜಿನ್ ಕೂಡ ನಿಜವಾದ ಮನುಷ್ಯರನ್ನ ಎಳೆಯುತ್ತೆ. ಅದರ ಬಾಯ್ಲರ್ ಪುಟ್ಟದು. ಹಬೆ ಪೋಲಾದ್ರೆ ಅರ್ಧ ದಾರೀಲೇ ಉಸಿರು ಕಟ್ಟುತ್ತೆ.

ದೊಡ್ಡೋರೂ ಈ ಪಾಠ ಕಲಿತಿದ್ದಾರೆ. 1925ರಲ್ಲಿ ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪೆಂಡೆನ್ನಿಸ್ ಕ್ಯಾಸಲ್ ಎಂಜಿನ್, ಎಲ್‌ಎನ್‌ಇಆರ್ ಕಂಪನಿಯ ಹಳಿ ಮೇಲೆ ಪರೀಕ್ಷೆಗೆ ಓಡ್ತು. ಆ ಕಂಪನಿಯ ದೊಡ್ಡ ಪೆಸಿಫಿಕ್ ಎಂಜಿನ್‌ಗಳಿಗಿಂತ ಕಮ್ಮಿ ಕಲ್ಲಿದ್ದಲು ಸುಡ್ತು. ಪೆಸಿಫಿಕ್ ವಿನ್ಯಾಸ ಮಾಡಿದ್ದ ನೈಜೆಲ್ ಗ್ರೆಸ್ಲಿ ಆಮೇಲೆ ತಮ್ಮ ಎಂಜಿನ್‌ಗಳ ವಾಲ್ವ್ ಗೇರನ್ನೇ ಬದಲಾಯಿಸಿದ್ರು. ವಾಲ್ವ್ ಹೆಚ್ಚು ದೂರ ಜಾರೋ ಹಾಗೆ ಮಾಡಿದ್ರು. ಮೈಲಿಗೆ ಸುಮಾರು 50 ಪೌಂಡ್ ಇದ್ದ ಕಲ್ಲಿದ್ದಲು ಖರ್ಚು 40ರ ಆಸುಪಾಸಿಗೆ ಇಳೀತು. ದಿನವಿಡೀ ಓಡೋ ಎಂಜಿನ್‌ಗೆ ಇದನ್ನ ಗುಣಿಸಿ ನೋಡಿ.

6/6
ಅದಕ್ಕೇ ನನ್ನ ವಾದ ಇಷ್ಟೇ: ಬಣ್ಣ, ಹಿತ್ತಾಳೆ ಹೊಳಪು, ವಿಸಿಲ್ ಎಲ್ಲಾ ಆಮೇಲೆ. ಮುಚ್ಚಳ ತೆಗೆದು ಎರಡೂ ತುದಿ ನೋಡಿದವರಿಗೇ ಮೊದಲ ಚಪ್ಪಾಳೆ.

ಮೈಸೂರು ರೈಲ್ವೆ ಮ್ಯೂಸಿಯಂಗೆ ಹೋದಾಗ ಸೆಲ್ಫಿ ಆದ್ಮೇಲೆ ಎರಡು ನಿಮಿಷ ಹಳೇ ಎಂಜಿನ್‌ಗಳ ಚಕ್ರದ ಪಕ್ಕ ನಿಂತು ಆ ಕಡ್ಡಿಗಳನ್ನ ನೋಡಿ. ಯಾವ ಕಡ್ಡಿ ಎಳೆಯೋಕೆ, ಯಾವುದು ವಾಲ್ವ್‌ಗೆ ಅಂತ ಗುರುತು ಹಿಡೀರಿ. ಫೋಟೋ ತೆಗೆದು ನನಗೆ ಟ್ಯಾಗ್ ಮಾಡಿ.

ಒಪ್ಪಲ್ವಾ? ಕಾಮೆಂಟ್‌ನಲ್ಲಿ ಜಗಳ ಆಡೋಣ ಬನ್ನಿ.

#ಚಿಕ್ಕಎಂಜಿನ್ದೊಡ್ಡಲೆಕ್ಕ #ಸ್ಟೀಮ್‌ಎಂಜಿನ್ #ಬಿಕಾಂಬುದ್ಧಿ