ಹದಿಹರೆಯದ ಕಾದಂಬರಿ ಮತ್ತು ಅಚ್ಚಿಗೆ ಮುನ್ನಿನ ಕತ್ತರಿ

ಸಾಹಿತ್ಯದ ಮೇಲಿನ ನಿರ್ಬಂಧವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪ್ರಭುತ್ವದ ಆಜ್ಞೆ, ನ್ಯಾಯಾಲಯದ ವ್ಯಾಜ್ಯ ಹಾಗೂ ಬೀದಿಯ ಪ್ರತಿಭಟನೆಗಳ ಸುತ್ತ ನಡೆಯುತ್ತದೆ. ಹದಿಹರೆಯದವರಿಗಾಗಿ ಬರೆದ ಸಾಹಿತ್ಯದ ಮಟ್ಟಿಗೆ ಈ ಚೌಕಟ್ಟು ಸಾಲದು. ಇಲ್ಲಿ ನಿರ್ಬಂಧವು ಹಲವು ವೇಳೆ ವಾತ್ಸಲ್ಯದ ರೂಪದಲ್ಲಿ ಬರುತ್ತದೆ. ಕೃತಿ ಓದುಗನ ಕೈ ಸೇರುವ ಮೊದಲೇ ಹಸ್ತಪ್ರತಿಯ ಮೇಲೆ ಕತ್ತರಿಯಾಡಿಸುತ್ತದೆ. ಈ ಪ್ರಕಾರವು ಪ್ರತ್ಯೇಕವಾಗಿ ನೆಲೆಗೊಂಡಿರುವ ಅಮೆರಿಕೆಯ ಎರಡು ಕೃತಿಗಳ ಚರಿತ್ರೆ ಈ ಮಾತನ್ನು ಸ್ಪಷ್ಟಪಡಿಸುತ್ತದೆ.

ಮೆಸಾಚುಸೆಟ್ಸಿನ ಪತ್ರಕರ್ತ ರಾಬರ್ಟ್ ಕಾರ್ಮಿಯರ್ ಅವರ ‘ದಿ ಚಾಕೊಲೇಟ್ ವಾರ್’ ಪ್ರಕಟವಾದುದು 1974ರಲ್ಲಿ. ಶಾಲೆಯ ನಿಧಿಗಾಗಿ ಚಾಕೊಲೇಟ್ ಮಾರಲು ಅವರ ಮಗ ನಿರಾಕರಿಸಿದ ಘಟನೆ ಇದರ ಬೀಜ. ವಾಸ್ತವದಲ್ಲಿ ಆ ಹುಡುಗನಿಗೆ ಕೇಡೇನೂ ಆಗಲಿಲ್ಲ. ಆಗಿದ್ದರೆ ಎಂಬ ಪ್ರಶ್ನೆಯಿಂದ ಕಾದಂಬರಿ ಹುಟ್ಟಿತು. ಕ್ಯಾಥೊಲಿಕ್ ಶಾಲೆಯೊಂದು ಕೈಗೊಂಡ 20,000 ಪೆಟ್ಟಿಗೆ ಚಾಕೊಲೇಟಿನ ಮಾರಾಟಕ್ಕೆ ಜೆರ್ರಿ ಎಂಬ ತಾಯಿಯಿಲ್ಲದ ಹುಡುಗ ‘ಇಲ್ಲ’ ಎನ್ನುತ್ತಾನೆ. ಹಂಗಾಮಿ ಮುಖ್ಯಸ್ಥನೂ ವಿದ್ಯಾರ್ಥಿಗಳ ಗುಪ್ತ ಕೂಟವೂ ಅವನೆದುರು ಒಂದಾಗುತ್ತವೆ. ಕೊನೆಗೆ ನೆರೆದ ಸಹಪಾಠಿಗಳ ಕಣ್ಣೆದುರೇ ಪೆಟ್ಟು ತಿಂದು ಬಿದ್ದ ಜೆರ್ರಿ, ಹೇಳಿದಂತೆ ಕೇಳುವುದೇ ಲೇಸೆಂದು ಗೆಳೆಯನಿಗೆ ತಿಳಿಸಲು ಹೆಣಗುತ್ತಾನೆ. ಈ ಅಂತ್ಯವನ್ನು ಒಪ್ಪದೆ ಹಲವು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಬದಲಿಸಲು ಕಾರ್ಮಿಯರ್ ಒಪ್ಪಲಿಲ್ಲ. ಮೂವತ್ತು ವರ್ಷಗಳ ಬಳಿಕವೂ, 2004ರಲ್ಲಿ, ಅತಿ ಹೆಚ್ಚು ಆಕ್ಷೇಪಕ್ಕೊಳಗಾದ ಕೃತಿಗಳ ಕುರಿತು ಅಮೆರಿಕನ್ ಗ್ರಂಥಾಲಯ ಸಂಘ ಪ್ರಕಟಿಸಿದ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನವಿತ್ತು.

ಆಕ್ಷೇಪಗಳಲ್ಲಿ ನಮೂದಾದುದು ಭಾಷೆ, ಲೈಂಗಿಕತೆ, ಹಿಂಸೆ. ಇವು ಪುಟಸಂಖ್ಯೆ ಸಮೇತ ತೋರಿಸಬಹುದಾದ ದೋಷಗಳು. ಆದರೆ ಪ್ರಕಾಶಕರ ಹಿಂಜರಿಕೆಯನ್ನೂ ಗಮನಿಸಿದರೆ ಅಸಹನೆಯ ಮೂಲ ಬೇರೆಡೆ ಇರುವಂತೆ ತೋರುತ್ತದೆ. ಹಿರಿಯರ ಸಂಸ್ಥೆಯೊಂದು ಕೆಡುಕಿನೊಡನೆ ರಾಜಿಯಾಗಬಲ್ಲದು, ಒಳ್ಳೆಯವನು ಸೋಲಬಲ್ಲನು ಎಂಬುದನ್ನು ಕಿರಿಯರಿಗೆ ಹೇಳಬಾರದೆಂಬ ನಿಲುವು ಅದು. ಜೆರ್ರಿ ಗೆದ್ದಿದ್ದರೆ ಓದುಗನು ನಿರಾಳನಾಗಿ ಪುಸ್ತಕ ಮುಚ್ಚುತ್ತಿದ್ದ. ಅವನು ಸೋತುದರಿಂದಲೇ ಸುಮ್ಮನೆ ನಿಂತು ನೋಡಿದವರ ಹೊಣೆಯ ಪ್ರಶ್ನೆ ಓದುಗನದಾಗುತ್ತದೆ. ಕೃತಿಯ ನೈತಿಕತೆ ಇರುವುದು ಈ ಸೋಲಿನಲ್ಲಿಯೇ.

ಕಾರ್ಮಿಯರ್ ಬಗ್ಗಲಿಲ್ಲ. ಎಲ್ಲ ಲೇಖಕರಿಗೂ ಎಲ್ಲ ಸಂದರ್ಭದಲ್ಲೂ ಅದು ಸಾಧ್ಯವಾಗುವುದಿಲ್ಲವೆಂಬುದಕ್ಕೆ ಜೂಡಿ ಬ್ಲೂಮ್ ಅವರ ‘ಟೈಗರ್ ಐಸ್’ (1981) ನಿದರ್ಶನ. ಅಂಗಡಿಯಲ್ಲಿ ಗುಂಡೇಟಿಗೆ ಬಲಿಯಾದ ತಂದೆಯ ಶೋಕದಿಂದ ಹೊರಬರಲು ಹೆಣಗುವ 15ರ ಹರೆಯದ ಹುಡುಗಿಯ ಕಥೆ ಇದು. ಹುಡುಗಿ ತನ್ನ ದೇಹವನ್ನು ಅರಿತುಕೊಳ್ಳುವ ಒಂದು ಕಿರು ಭಾಗವನ್ನು ಕೈಬಿಟ್ಟರೆ ಕೃತಿ ಹೆಚ್ಚು ಓದುಗರನ್ನು ತಲುಪುತ್ತದೆಂದು ಸಂಪಾದಕರು ಸೂಚಿಸಿದರು. ಆ ಸಂಪಾದಕರು ಲೇಖಕಿಯ ವಿರೋಧಿಯಲ್ಲ, ಹಿತೈಷಿ. ಬ್ಲೂಮ್ ಒಪ್ಪಿದರು, ಅದಕ್ಕಾಗಿ ಪಟ್ಟ ವಿಷಾದವನ್ನು ಮುಂದೆ ದಾಖಲಿಸಿದರು. ಗ್ರಂಥಾಲಯದಿಂದ ತೆಗೆದ ಪುಸ್ತಕಕ್ಕೆ ದಾಖಲೆಯಿರುತ್ತದೆ, ವಾದಿಸುವವರಿರುತ್ತಾರೆ. ಅಚ್ಚಾಗದೆ ಹೋದ ವಾಕ್ಯಕ್ಕೆ ಲೇಖಕಿಯ ನೆನಪಿನ ಹೊರತು ಸಾಕ್ಷಿಯಿಲ್ಲ.

ಪೋಷಕರ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ತಮ್ಮ ಮಗು ಏನನ್ನು ಓದಬೇಕೆಂಬುದರಲ್ಲಿ ಅವರಿಗೆ ಮಾತಿದೆ. ಊರ ಮಕ್ಕಳೆಲ್ಲರ ಓದಿನ ಮೇಲೆ ಅದೇ ಹಕ್ಕು ಇದೆಯೇ ಎಂಬುದು ಪ್ರಶ್ನೆ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಮಂಡಳಿ 1976ರಲ್ಲಿ ಕೆಲವು ಪುಸ್ತಕಗಳನ್ನು ಶಾಲಾ ಗ್ರಂಥಾಲಯಗಳಿಂದ ತೆಗೆಸಿದಾಗ ಸ್ಟೀವನ್ ಪಿಕೊ ಎಂಬ ವಿದ್ಯಾರ್ಥಿ ಸಂಗಡಿಗರೊಡನೆ ದಾವೆ ಹೂಡಿದನು. 1982ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟ್ ಮಂಡಳಿಯ ವಾದವನ್ನು 5–4ರ ಅಂತರದಲ್ಲಿ ತಳ್ಳಿಹಾಕಿತು. ನ್ಯಾಯಮೂರ್ತಿ ಬ್ರೆನನ್ ಬರೆದ ಅಭಿಪ್ರಾಯಕ್ಕೆ ಪೂರ್ಣ ಬಹುಮತ ದೊರೆಯದಿದ್ದರೂ ಅದು ಮಾಡಿದ ವ್ಯತ್ಯಾಸ ಮುಖ್ಯವಾದುದು: ಪಠ್ಯವನ್ನು ಆರಿಸುವುದು ಬೇರೆ, ವಿಚಾರ ಒಗ್ಗಲಿಲ್ಲವೆಂದು ಗ್ರಂಥಾಲಯದ ಪುಸ್ತಕವನ್ನು ತೆಗೆಯುವುದು ಬೇರೆ. ಈ ವಿವಾದ ಮುಗಿದಿಲ್ಲ. 2023ರಲ್ಲಿ ಆಕ್ಷೇಪಕ್ಕೆ ಗುರಿಯಾದ ಪ್ರತ್ಯೇಕ ಶೀರ್ಷಿಕೆಗಳು 4,240 ಎಂದು ಮೇಲೆ ಹೇಳಿದ ಗ್ರಂಥಾಲಯ ಸಂಘವೇ ಲೆಕ್ಕಹಾಕಿತು.

ಕನ್ನಡದ ಅಧ್ಯಾಪಕರಿಗೆ ಈ ಚರಿತ್ರೆ ಏಕೆ ಮುಖ್ಯ? ಪಂಜೆಯವರ ಕಾಲದಿಂದ ಬೆಳೆದುಬಂದ ಶಿಶುಸಾಹಿತ್ಯಕ್ಕೂ ಪ್ರೌಢ ಕಾದಂಬರಿಗೂ ನಡುವಣ ವಯೋಮಾನಕ್ಕೆಂದೇ ಬರೆದ ಕಥನ ನಮ್ಮಲ್ಲಿ ವಿರಳ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆತಾಗ, ಮುಳುಗಡೆಯಂತಹ ನೋವಿನ ವಸ್ತುವೂ ಎಳೆಯರಿಗೆ ಸಲ್ಲುತ್ತದೆಂಬುದಕ್ಕೆ ಮನ್ನಣೆ ಸಿಕ್ಕಿತು. ಆದರೆ ದೇಹ, ಜಾತಿಯ ಅವಮಾನ, ಮನೆಯೊಳಗಿನ ಹಿಂಸೆ ಎಂದೊಡನೆ ಹಿಂಜರಿಕೆ ಆರಂಭವಾಗುತ್ತದೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ವಿಧವೆಯ ಬಸಿರು ಮತ್ತು ಬಹಿಷ್ಕಾರಗಳಿಗೆ ಸಾಕ್ಷಿಯಾಗುವವನು ಒಬ್ಬ ಬಾಲಕ, ಆ ಕಥೆಯನ್ನು ಪ್ರೌಢರ ಕಥೆಯೆಂದೇ ನಾವು ಓದುತ್ತೇವೆ, ಬೋಧಿಸುತ್ತೇವೆ. ಬಾಲಕ ನೋಡಬಹುದಾದುದನ್ನು ಬಾಲಕ ಓದಬಾರದೆಂಬ ಈ ವಿಪರ್ಯಾಸ ವಿಮರ್ಶೆಯ ಗಮನಕ್ಕೆ ಬರಬೇಕಾಗಿದೆ. 2007ರಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆದಾಗ ವ್ಯಕ್ತವಾದುದು ಇದೇ ಮನೋಭಾವ.

ಬರೆಯದ ಕೃತಿಯನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಆದ್ದರಿಂದ ನಿಷೇಧಗಳ ಪಟ್ಟಿ ನಮ್ಮಲ್ಲಿ ಚಿಕ್ಕದೆಂಬುದು ಸ್ವಾತಂತ್ರ್ಯದ ಪುರಾವೆಯಾಗದು. ಎಳೆಯರ ಸಾಹಿತ್ಯವನ್ನು ನೀತಿಬೋಧೆಯ ಅಳತೆಗೋಲಿನಿಂದ ತೂಗುವುದನ್ನು ಬಿಟ್ಟು, ಬಿಡಿ ಪುಟಗಳ ಬದಲು ಇಡೀ ಕೃತಿಯನ್ನು ಓದುವ, ಅಂತ್ಯದ ಸತ್ಯವನ್ನು ಪ್ರಶ್ನಿಸುವ ವಿಮರ್ಶೆ ವಿಶ್ವವಿದ್ಯಾಲಯಗಳಿಂದ ಬರಬೇಕು. ಹಸ್ತಪ್ರತಿಯ ಒಂದು ಪುಟದ ಮುಂದೆ ಅನುಮಾನದಿಂದ ನಿಂತ ಲೇಖಕರಿಗೂ ಸಂಪಾದಕರಿಗೂ ಬೇಕಾದ ಬೆಂಬಲವೆಂದರೆ ಅಂತಹ ಓದು. ಹದಿಹರೆಯದ ಓದುಗರಿಗೆ ಅದರ ಅಗತ್ಯ ಇನ್ನೂ ಹೆಚ್ಚು. ಅವರು ಬದುಕುತ್ತಿರುವ ಲೋಕವನ್ನು ಅವರಿಂದ ಮುಚ್ಚಿಡಲು ಸಾಧ್ಯವಿಲ್ಲ; ಅದನ್ನು ಅರ್ಥಮಾಡಿಕೊಳ್ಳುವ ಭಾಷೆಯನ್ನು ಮಾತ್ರ ಅವರಿಗೆ ತಪ್ಪಿಸಬಹುದು.